ಕಂಬದ ಮೇಲಿನ ಹಗ್ಗದ ಗುರುತು

ಭಾನುವಾರ, ೧೨ ಜನವರಿ ೨೦೨೫

ಸಿಟ್ಟು ಇನ್ನೂ ಇಳಿದಿಲ್ಲ. ನಂದಿದುರ್ಗದ ಹತ್ತಿರ ನಾವು ಮಾರಿದ ಕಂಬದ ಬಂಗಲೆ ಈಗ ಹೋಟೆಲಾಗಿದೆ. ಅಮ್ಮನಿಗೆ ತೋರಿಸೋಣವೆಂದು ಇವತ್ತು ಕರೆದುಕೊಂಡು ಹೋದೆ. ಬಾಗಿಲಲ್ಲೇ ಫಲಕ: ೧೯೧೦ರಲ್ಲಿ ಚಿನ್ನದ ಗಣಿಯ ಬಿಳಿಯ ದೊರೆ ಕಟ್ಟಿಸಿದ್ದು, ಆಮೇಲೆ ಬಹುಕಾಲ ಪಾಳುಬಿದ್ದಿತ್ತು. ಪಾಳಂತೆ! ತಾತ ಕೊಂಡ ಮೇಲೆ ನಾವು ಮೂರು ತಲೆಮಾರು ಬಾಳಿದ್ದು ಯಾವ ಲೆಕ್ಕಕ್ಕೆ? ಪ್ರತಿ ಸಂಕ್ರಾಂತಿಗೂ ಆ ಕಂಬಗಳಿಗೆ ಸುಣ್ಣ ಬಳಿದವಳು ಅಮ್ಮ.

ಒಂದು ಕಂಬದಲ್ಲಿ ಹಗ್ಗ ಉಜ್ಜಿ ಸವೆದ ಗುರುತಿಗೆ ಗಾಜಿನ ಕವಚ ಹಾಕಿದ್ದಾರೆ. ದೊರೆ ಕುದುರೆ ಕಟ್ಟುತ್ತಿದ್ದ ಜಾಗವೆಂದು ಮ್ಯಾನೇಜರ್ ಬಂದವರಿಗೆಲ್ಲ ವಿವರಿಸುತ್ತಿದ್ದ.

"ಯಾವ ಕುದ್ರೆನಪ್ಪಾ? ನಮ್ಮ ಸೀಮೆ ಅಸ ಕಟ್ತಿದ್ದ ಅಗ್ಗದ ಗುರ್ತು ಅದು!" ಎಂದು ಆ ಹಸುವಿನ ಹಾಲು ಕರೆದಿದ್ದ ಅಮ್ಮ ರೇಗಿದಳು.

ಅವನು ನಕ್ಕ. "ಅಜ್ಜಿ, ಫೋಟೊಗೆ ಅಡ್ಡ ಬರ್ತೀರ, ಸ್ವಲ್ಪ ಪಕ್ಕಕ್ಕೆ ಬನ್ನಿ."

ನಮ್ಮ ಕಂಬಕ್ಕೆ ನಾವೇ ಅಡ್ಡ!