ಮಳೆಯ ಹಲಗೆಯ ಕೆಳಗೆ

ಮೇ 24, 2006. ಬುಧವಾರ

ಇವತ್ತೂ ಬಂದಿದ್ದ. ಎರಡು ಚಿತ್ರದ ಮಟ್ಟಿಗೆ. ಮೂರನೆಯದರಲ್ಲಿ ಇಲ್ಲ.

ಆ ಕ್ಯಾಮೆರಾ ಅರ್ಧ ನಿಮಿಷಕ್ಕೊಂದು ಚಿತ್ರ ಕಳಿಸುತ್ತದೆ. ವಿಡಿಯೊ ಅಲ್ಲ, ಬರೀ ಫೋಟೊ. ಅಲಾಸ್ಕಾದ ಕೆಚಿಕನ್ ಎಂಬ ಊರಿನ ಹಡಗುಕಟ್ಟೆ. ಕ್ರೂಸ್‌ನಲ್ಲಿ ಬರುವ ಟೂರಿಸ್ಟರನ್ನು ಸೆಳೆಯಲು ಯಾರೋ ಅಂಗಡಿಯವರು ಮಾಡಿನ ಮೇಲೆ ಕ್ಯಾಮೆರಾ ಇಟ್ಟು ಇಂಟರ್ನೆಟ್ಟಿಗೆ ಹಾಕಿದ್ದಾರೆ. ದೋಹಾದ ಆಫೀಸಿನಲ್ಲಿ ಕೂತು ಶಿರ್ವದ ಸೊಸೆಯೊಬ್ಬಳು ಅದರಲ್ಲಿ ಗಂಡನನ್ನು ಹುಡುಕುತ್ತಾಳೆಂದು ಪಾಪ ಅವರಿಗೇನು ಗೊತ್ತು.

ಸೆಲೆಸ್ಟಿನ್ ಇರುವುದು ಹಡಗಿನ ಲಾಂಡ್ರಿಯಲ್ಲಿ. ಸಿಯಾಟಲ್‌ನಿಂದ ಹೊರಟ ಹಡಗು ಪ್ರತಿ ಬುಧವಾರ ಅಲ್ಲಿ ನಿಲ್ಲುತ್ತದೆ. ಅವನಿಗೆ ಬೆಳಗ್ಗೆ, ನನಗೆ ಸಂಜೆ. ಕಟ್ಟೆಯ ಮೇಲೆ ಆ ಊರಿನ ಮಳೆ ಅಳೆಯುವ ಎತ್ತರದ ಹಲಗೆ ಉಂಟು. ಅದರ ಕೆಳಗೆ ಹಳದಿ ರೈನ್‌ಕೋಟು ಹಾಕಿ ನಿಂತು ಕೈ ಎತ್ತುತ್ತಾನೆ. ಅದು ನಮ್ಮ ಒಪ್ಪಂದ. ಮುಖ ಕಾಣುವುದಿಲ್ಲ, ಆಳೇ ಅಕ್ಕಿಕಾಳಿನಷ್ಟು. ಹಳದಿ ಮಾತ್ರ ಗೊತ್ತಾಗುತ್ತದೆ. ಕೋಟು ಬಿಚ್ಚಿದ ದಿನ ಕಪ್ಪು ತಲೆಯೂ ಗೊತ್ತಾಗುತ್ತದೆ — ತಲೆ ತುಂಬ ಕೂದಲು, ಅದರದ್ದೇ ಒಂದು ಜಂಬ.

ನಮ್ಮ ಆಫೀಸಿನಲ್ಲಿ ಚಾ ಮಾಡುವ ಉಳ್ಳಾಲದ ಮೊಯ್ದಿನ್ ಕುಂಞಿಯವರು ಹಾಲಿಲ್ಲದ ಸುಲೈಮಾನಿ ಚಾ ತಂದಿಟ್ಟು, "ಬಂದ್ರಾ ಮೇಡಂ?" ಎಂದರು.

"ಬಂದ್ರು. ಹೋದ್ರು."

"ಅಷ್ಟೇಯಾ?"

ಅಷ್ಟೇ. ಆಮೇಲೆ ಫೋನ್ ಅಂಗಡಿಯಿಂದ ಮಾತಾಡಿದ. ಹಿಂದೆ ಕ್ಯೂ ಉಂಟು, ಫಿಲಿಪಿನೋಗಳು ಕಾಯ್ತಿದ್ದಾರೆ, ಬೇಗ ಹೇಳು ಎಂದ. ಬೇಗ ಹೇಳುವಂಥದ್ದು ನನ್ನ ಹತ್ತಿರ ಏನೂ ಇರಲಿಲ್ಲ.

ಜೂನ್ 9. ಶುಕ್ರವಾರ

ಮಾಸ್ ಪೂಜೆ ಮುಗಿಸಿ ಬಂದು ಮಂಚ ಜೋಡಿಸಿದ್ದು. ಸೆಕೆಂಡ್ ಹ್ಯಾಂಡ್, ಡಬಲ್ ಕಾಟ್. ಅಲ್ ಹಿಲಾಲ್‌ನ ಈ ವಿಲ್ಲಾವನ್ನು ತುಂಡು ತುಂಡು ಮಾಡಿ ಬಾಡಿಗೆಗೆ ಕೊಟ್ಟಿದ್ದಾರೆ. ನನ್ನ ತುಂಡಿನಲ್ಲಿ ಮಂಚ ಇಟ್ಟ ಮೇಲೆ ಬಾಗಿಲು ಅರ್ಧವೇ ತೆರೆಯುತ್ತದೆ. ಪಕ್ಕದ ತುಂಡಿನ ಪೂವಕ್ಕ, ಅವರ ಗಂಡ ತನಿಯಣ್ಣ ಇಬ್ಬರೂ ಸೇರಿ ಎತ್ತಿ ಒಳಗೆ ತಂದರು. ತನಿಯಣ್ಣ ಮರದ ಕೆಲಸದವರು, ಅಲ್ಲಾಡುತ್ತಿದ್ದ ಕಾಲಿಗೆ ಮೊಳೆ ಹೊಡೆದು ಕೊಟ್ಟರು.

ಪೂವಕ್ಕ ಮಂಚ ತಟ್ಟಿ ನೋಡಿ, "ಎಂತ ಮಾರಾಯ್ತಿ, ಕೂಸು ಹುಟ್ಟುವ ಮೊದ್ಲೇ ಕುಲಾವಿಯಾ? ಗಂಡ ಬರ್ಲಿಕ್ಕೆ ಇನ್ನೂ ಅಕ್ಟೋಬರ್ ಆಗ್ಬೇಕು," ಎಂದು ನಕ್ಕರು.

ನಗಲಿ. ಮದುವೆಯಾಗಿ ಆರು ವರ್ಷ. ಒಟ್ಟಿಗೆ ಇದ್ದದ್ದು ಅವನ ರಜೆಗಳಲ್ಲಿ ಮಾತ್ರ, ಅದೂ ಮಾಂಯ್, ಅಂದರೆ ಅತ್ತೆ ಅಪೊಲೋನಿಯಾ, ಇರುವ ಮನೆಯಲ್ಲಿ. ಇದೇ ಕೊನೆಯ ಕಾಂಟ್ರ್ಯಾಕ್ಟ್ ಎಂದು ಈ ಸಲ ಅವನೇ ಹೇಳಿದ್ದು. ನಾನು ಹೇಳಿಸಿದ್ದಲ್ಲ.

ಜೂನ್ 14. ಬುಧವಾರ

ಬಾಸ್ ಒಪ್ಪಿದರು! ಮೆಸಯೀದ್‌ನ ನಮ್ಮ ಲೇಬರ್ ಕ್ಯಾಂಪಿನ ಲಾಂಡ್ರಿಗೆ ಇನ್‌ಚಾರ್ಜ್ ಬೇಕಂತೆ. "ಪಾಸ್‌ಪೋರ್ಟ್ ಕಾಪಿ ತರಿಸು, ಸೆಪ್ಟೆಂಬರ್‌ನಲ್ಲಿ ವೀಸಾ ಹಾಕೋಣ." ಕಂಪೆನಿ ಬಸ್ಸಿನಲ್ಲಿ ಬೆಳಗ್ಗೆ ಹೋಗಿ ಸಂಜೆ ಬರಬಹುದು. ಸಂಜೆ ಬರುವ ಗಂಡ! ಬೇರೆಯವರಿಗೆ ಇದೇನು ದೊಡ್ಡ ಸಂಗತಿಯಲ್ಲ.

ಫೋನಿನಲ್ಲಿ ಹೇಳಿದೆ. "ಗುಡ್, ಗುಡ್," ಎಂದ. ಆಮೇಲೆ ಸಾಲ್ಮನ್ ಮೀನಿನ ಸುದ್ದಿ ತೆಗೆದ. ಆ ಊರು ಬದುಕುವುದೇ ಸಾಲ್ಮನ್‌ನಿಂದ, ಕ್ರೂಸ್‌ನಿಂದ. ನೀರಿನ ಮೇಲೆ ಮರದ ಕಾಲು ಕೊಟ್ಟು ನಿಲ್ಲಿಸಿದ ಮನೆಗಳು, ನಡುವೆ ತೊರೆ. ಇನ್ನೇನು ಮೀನು ಸಮುದ್ರ ಬಿಟ್ಟು ಆ ತೊರೆ ಹತ್ತಲು ಶುರುವಂತೆ. ಮೊದಲ ಮಳೆಗೆ ನಮ್ಮ ತೋಡಿನಿಂದ ಗದ್ದೆಗೆ ಹತ್ತುತ್ತದಲ್ಲ, ಹಾಗೆ. ಎಷ್ಟು ದೂರ ಹೋಗಿದ್ದರೂ ಹುಟ್ಟಿದ ತೊರೆಗೇ ಬಂದು ಮೊಟ್ಟೆಯಿಟ್ಟು ಸಾಯುತ್ತದಂತೆ.

"ಅಷ್ಟು ದೂರ ಬರುದು ಸಾಯ್ಲಿಕ್ಕಾ?" ಎಂದೆ.

"ಅದೇ ಅಲ್ವಾ. ಬುದ್ಧಿ ಇಲ್ಲ ಅದಕ್ಕೆ," ಎಂದ.

ಜುಲೈ 19. ಬುಧವಾರ

ಒಂದೇ ಚಿತ್ರ. ಕೈ ಎತ್ತಿದ್ದನೋ, ತಲೆ ಕೆರೆದುಕೊಂಡಿದ್ದನೋ.

ಪಾಸ್‌ಪೋರ್ಟ್ ಕಾಪಿ ಕೇಳಿದೆ, ಇದು ಮೂರನೆಯ ಸಲ. ಪಾಸ್‌ಪೋರ್ಟ್ ಹಡಗಿನ ಆಫೀಸಿನಲ್ಲಿರುತ್ತದೆ, ಕೇಳಬೇಕು ಎಂದ. ಆಮೇಲೆ, "ಅಲ್ಲಿಯೂ ಪುನಃ ಲಾಂಡ್ರಿಯೇ ಅಲ್ವಾ ಜೆರ್ಟಿ?" ಎಂದ.

"ಲಾಂಡ್ರಿಯೇ. ಆದ್ರೆ ನಾನಿದ್ದೇನಲ್ಲ."

"ಅದು ಹೌದು," ಎಂದ. ಕ್ಯೂ ಇದೆ ಎಂದ. ಹಿಂದಿನಿಂದ ಯಾರ ಸದ್ದೂ ಕೇಳಲಿಲ್ಲ.

ಜುಲೈ 26. ಬುಧವಾರ

ಏನಾಯಿತು ಇವನಿಗೆ?! ಕಾಲು ಗಂಟೆ ನಿಂತಿದ್ದ. ಚಿತ್ರದ ಮೇಲೆ ಚಿತ್ರ. ಅದೇ ಹಳದಿ ಕೋಟು, ಮಳೆಯ ಹಲಗೆಯ ಕೆಳಗೆ, ಕೈ ಮೇಲೆ. ನಡುವೆ ಒಂದು ಮದುವೆ ದಿಬ್ಬಣದಷ್ಟು ಟೂರಿಸ್ಟರು ಅಡ್ಡ ಬಂದರು. ಅವರು ದಾಟಿ ಹೋದ ಮೇಲೂ ಅಲ್ಲೇ ಇದ್ದ. ಬಿಸಿಲಿತ್ತು, ಆದರೂ ತಲೆಗೆ ಹುಡ್. ಶೀತವಾಗಿರಬೇಕು.

ಮೊಯ್ದಿನ್ ಕುಂಞಿಯವರು ಚಾ ತಂದವರು ಅಲ್ಲೇ ನಿಂತುಬಿಟ್ಟರು. "ಈ ಸರ್ತಿ ಭಾರೀ ಲವ್ ಉಂಟಲ್ಲ ಮೇಡಂ!"

ನಾಚಿಕೆಯಾಯಿತು. ಖುಷಿಯಾಯಿತು. ಕಳೆದ ವಾರ ಹಾಗೆ ಮಾತಾಡಿದ್ದಕ್ಕೆ ಪ್ರಾಯಶ್ಚಿತ್ತ ಮಾಡುತ್ತಿದ್ದಾನೆಂದು ಕಾಣುತ್ತದೆ.

ಫೋನ್ ಬರಲಿಲ್ಲ. ಇ-ಮೇಲ್ ಮಾತ್ರ: ಶಿಫ್ಟ್ ಬದಲಾಗಿದೆ, ಅಂಗಡಿ ತೆರೆಯುವ ಹೊತ್ತಿಗೆ ಹಡಗಿಗೆ ವಾಪಸ್ ಹೋಗಬೇಕು, ಇನ್ನು ಮೇಲ್‌ನಲ್ಲೇ. ಇರಲಿ. ಕ್ಯೂ ಉಂಟು ಕ್ಯೂ ಉಂಟು ಎನ್ನುವ ಬಾಯಿಗಿಂತ ಕಾಲು ಗಂಟೆ ಎತ್ತಿ ಹಿಡಿದ ಕೈ ವಾಸಿ.

ಆಗಸ್ಟ್ 16. ಬುಧವಾರ

ಬುಧವಾರ ಒಳ್ಳೆಯ ಚೂಡಿದಾರ್ ಹಾಕುವುದು ಅಭ್ಯಾಸವಾಗಿದೆ. ಅವನಿಗೆ ನಾನು ಕಾಣುವುದಿಲ್ಲ, ಗೊತ್ತು. ಆದರೂ.

ಹೊರಗೆ ಏಷ್ಯನ್ ಗೇಮ್ಸ್ ಎಂದು ಎಲ್ಲಾ ರಸ್ತೆ ಅಗೆದು ಹಾಕಿದ್ದಾರೆ. ಬೆಂಕಿಯಂಥ ಸೆಕೆ, ಬಾಯಿ ತುಂಬ ಧೂಳು. ಇಲ್ಲಿ ಪರದೆಯಲ್ಲಿ ಮಳೆ, ಬೆಟ್ಟಕ್ಕೆ ಮೋಡ, ಒದ್ದೆ ಹಲಗೆ. ಹಡಗುಕಟ್ಟೆಯ ಒಂದೊಂದು ಅಂಗಡಿಯೂ ಬಾಯಿಪಾಠವಾಗಿದೆ. ಚಿನ್ನದ ಅಂಗಡಿ, ಅದರಾಚೆ ಒಣಗಿಸಿದ ಸಾಲ್ಮನ್ ಮಾರುವ ಕೆಂಪು ಗೋಡೆ. ಒಮ್ಮೆಯೂ ಹೋಗದ ಊರಿನಲ್ಲಿ ವಾರಕ್ಕೊಮ್ಮೆ ಕಾಲು ಗಂಟೆ ಸಂಸಾರ.

ಇವತ್ತು ಧೋ ಎಂದು ಮಳೆ. ಆದರೂ ನಿಂತ. ಪರದೆಗೆ ನಾನೂ ಕೈ ಎತ್ತಿದೆ. ಬಾಸ್ ಬೈದದ್ದು, ಪೂವಕ್ಕ ಮಾಡಿದ ಬಸಳೆ ಸಾರು, ಎಲ್ಲವನ್ನೂ ಹೇಳಿದೆ. ಮದುವೆಯಾದ ಮೇಲೆ ಇಷ್ಟು ಸಮಾಧಾನದಿಂದ ಅವನೊಡನೆ ಮಾತಾಡಿದ್ದೇ ಇಲ್ಲ. ಇಷ್ಟು ವರ್ಷದಲ್ಲಿ ಇವನ ಮೇಲೆ ನಿಜವಾಗಿ ಪ್ರೀತಿ ಹುಟ್ಟಿದ್ದು ಈಗ ಎನಿಸುತ್ತದೆ. ಬರೆಯಲು ನಾಚಿಕೆ. ಆದರೆ ಕನ್ನಡ ಓದುವವರು ಈ ಮನೆಯಲ್ಲಿ ಪೂವಕ್ಕ ಒಬ್ಬರೇ, ಅವರ ಕನ್ನಡಕ ಒಡೆದಿದೆ.

ಸೆಪ್ಟೆಂಬರ್ 8. ಶುಕ್ರವಾರ. ಮೊಂತಿ ಫೆಸ್ತ್

ಬರೆಯದೆ ಮಲಗಲಾಗುವುದಿಲ್ಲ.

ಮೊಂತಿ ಫೆಸ್ತ್. ಮರಿಯಮ್ಮನ ಹುಟ್ಟಿದ ಹಬ್ಬ, ಹೊಸ ಅಕ್ಕಿಯ ಊಟ. ಮೀನಿಲ್ಲ, ಮಾಂಸವಿಲ್ಲ. ಪೂವಕ್ಕನನ್ನೂ ತನಿಯಣ್ಣನನ್ನೂ ಕರೆದು ಎಲೆಯ ಬದಲು ಪೇಪರ್ ಪ್ಲೇಟಿನಲ್ಲಿ ಬಡಿಸಿದೆ. ಅವರು ಹೋದ ಮೇಲೆ ಮಾಂಯ್‌ಗೆ ಫೋನ್.

ಚರ್ಚಿನಲ್ಲಿ ಮಂತ್ರಿಸಿದ ತೆನೆಯ ಕಾಳುಗಳನ್ನು ಮಾಂಯ್ ಪ್ರತಿ ವರ್ಷ ಎರಡು ಕವರಿನಲ್ಲಿ ಹಾಕುತ್ತಾರೆ. ಹೊರಗಿದ್ದವರೂ ಪಾಲು ತಿನ್ನಬೇಕು. ಒಂದು ನನಗೆ, ಒಂದು ಹಡಗಿನ ಏಜೆಂಟರ ಮೂಲಕ ಅವನಿಗೆ.

"ನಿಂದು ಕವರಲ್ಲಿ ಹಾಕಿ ಇಟ್ಟಿದ್ದೇನೆ," ಎಂದರು.

"ಸೆಲೆಸ್ಟಿನಂದು ಪೋಸ್ಟ್ ಮಾಡಿದ್ರಾ ಮಾಂಯ್?"

ಲೈನ್ ಹೋಯಿತೆಂದುಕೊಂಡೆ. ಹಲೋ ಹಲೋ ಎಂದೆ. ಆಗ ಅಳು ಕೇಳಿತು.

"ಇವತ್ತು ಮಾತೆಯ ದಿನ ಜೆರ್ಟಿ. ಇವತ್ತು ಸುಳ್ಳು ಹೇಳ್ಲಿಕ್ಕೆ ನನ್ನಿಂದ ಆಗುದಿಲ್ಲ. ಅವನಿಗೆ ಕಳಿಸ್ಲಿಕ್ಕೆ ಅಡ್ರೆಸ್ಸೇ ಇಲ್ಲ."

ಜುಲೈಯಲ್ಲೇ ಹಡಗು ಬಿಟ್ಟಿದ್ದಾನೆ. ಸಿಯಾಟಲ್‌ನಲ್ಲಿ ಇಳಿದವನು ವಾಪಸ್ ಹತ್ತಲಿಲ್ಲ. ಮುಂಬಯಿಯಿಂದ ಏಜೆಂಟ್ ಶಿರ್ವಕ್ಕೆ ಫೋನ್ ಮಾಡಿ ಕೂಗಾಡಿದನಂತೆ. ಆಮೇಲೆ ಇವನೇ ಫೋನ್ ಮಾಡಿ, ಜೆರ್ಟಿಗೆ ಹೇಳಬೇಡಿ, ಸೀಸನ್ ಮುಗಿದ ಮೇಲೆ ನಾನೇ ಹೇಳುತ್ತೇನೆ ಎಂದನಂತೆ. ಪಾಸ್‌ಪೋರ್ಟ್ ಇಲ್ಲ, ಪೇಪರ್ ಇಲ್ಲ. ಅಲ್ಲಿಂದ ಹೊರಗೆ ಬಂದರೆ ಮತ್ತೆ ಒಳಗೆ ಬಿಡುವುದಿಲ್ಲ, ಹಾಗಾಗಿ ಬರುವುದಿಲ್ಲ. ಅಕ್ಟೋಬರ್ ಖಲಾಸ್.

"ಮತ್ತೆ ಬುಧವಾರ ಬುಧವಾರ ನಿಲ್ಲುದು ಯಾರು ಮಾಂಯ್?"

"ಅದು ಅವನ ಕ್ಯಾಬಿನ್‌ನ ಹ್ಯೂಬರ್ಟ್. ಕಲ್ಯಾಣಪುರದವ. ಇವನ ಕೋಟು ಅವನಿಗೆ ಕೊಟ್ಟು, ಸ್ವಲ್ಪ ನಿಂತು ಹೋಗು ಅಂತ ಹೇಳಿದ್ದಂತೆ."

ಸ್ವಲ್ಪ ನಿಂತು ಹೋಗು.

ಬಸಳೆ ಸಾರಿನ ಸುದ್ದಿಯನ್ನು ನಾನು ಯಾರಿಗೆ ಹೇಳಿದ್ದು?

ಸೆಪ್ಟೆಂಬರ್ 13. ಬುಧವಾರ

ಕಂಪ್ಯೂಟರ್ ಆಫ್ ಮಾಡಿ ಬೇಗ ಮನೆಗೆ ಬಂದೆ. ವೀಸಾ ಬೇಡ ಎಂದು ಬಾಸ್‌ಗೆ ಹೇಳಿಯಾಯಿತು. ಯಾಕೆ ಎಂದು ಕೇಳಿದರು. ಅವನಿಗೆ ಅಮೆರಿಕದಲ್ಲಿ ಕೆಲಸ ಸಿಕ್ಕಿದೆ ಎಂದೆ. ಕಂಗ್ರಾಜುಲೇಶನ್ಸ್ ಎಂದರು!

ಮಂಚದ ಈ ಅಂಚಿನಲ್ಲಿ ಮಲಗಿದೆ. ಆ ಅಂಚಿನಲ್ಲಿ ಇಸ್ತ್ರಿಯ ಬಟ್ಟೆ ರಾಶಿ. ಪೂವಕ್ಕ ಬಂದು ಗಂಜಿ ಇಟ್ಟು ಹೋದರು. ಗೋಡೆಯೋ ಪ್ಲೈವುಡ್ಡು, ಎಲ್ಲಾ ಕೇಳಿಸಿರುತ್ತದೆ.

ಸಿಟ್ಟಿದೆ. ಆ ಹ್ಯೂಬರ್ಟನ ಮೇಲೂ ಸಿಟ್ಟಿದೆ. ಒಬ್ಬಳ ಗಂಡನಾಗಿ ನಿಲ್ಲಲು ನಾಚಿಕೆಯಾಗಬೇಡವೇ? ಆದರೆ ಆರು ಗಂಟೆ ದಾಟುವಾಗ ಮನಸ್ಸು ತಡೆಯಲಿಲ್ಲ. ಅಲ್ಲಿ ಮಳೆ ಬರುತ್ತಿರಬಹುದು. ಆ ಮನುಷ್ಯ ನಿಂತಿರಬಹುದು. ಈಚೆ ಕುರ್ಚಿ ಖಾಲಿ ಎಂದು ಅವರಿಗೆ ಗೊತ್ತಿಲ್ಲ.

ಸೆಪ್ಟೆಂಬರ್ 15. ಶುಕ್ರವಾರ

ಸೆಲೆಸ್ಟಿನ್ ಫೋನ್ ಮಾಡಿದ. ಮಾಂಯ್ ಹೇಳಿರಬೇಕು. ಎಲ್ಲಾ ನಮಗಾಗಿಯೇ ಎಂದ. ಯಾರೋ ಪೇಪರ್ ಮಾಡಿಸಿಕೊಡುತ್ತಾರಂತೆ, ನಾಲ್ಕೈದು ವರ್ಷ ಕಾದರೆ ನನ್ನನ್ನೂ ಕರೆಸುತ್ತಾನಂತೆ.

"ಈಗ ಎಂತ ಕೆಲಸ?" ಎಂದೆ.

"ಒಂದು ಮೋಟೆಲ್‌ನಲ್ಲಿ."

"ಮೋಟೆಲ್‌ನಲ್ಲಿ ಎಂತ?"

"ಲಾಂಡ್ರಿ," ಎಂದ.

ನಗು ಬಂತು. ನಕ್ಕೇಬಿಟ್ಟೆ. ಅತ್ತದ್ದು ಆಮೇಲೆ.

"ನೀನು ಒಂದು ನಿಮಿಷ ನಿಲ್ತಿದ್ದೆ. ಅವರು ಕಾಲು ಗಂಟೆ ನಿಂತ್ರು. ಅಷ್ಟು ಹೊತ್ತು ನಿಲ್ಲು ಅಂತ ನೀನು ಹೇಳಿದ್ದಾ?"

"ಇಲ್ಲಪ್ಪ. ಅವನಿಗೆ ಯಾರೂ ಇಲ್ಲ, ಫೋನ್ ಮಾಡ್ಲಿಕ್ಕೆ ಸಹ ಯಾರೂ ಇಲ್ಲ. ಬೇರೆಂತ ಕೆಲಸ ಅವನಿಗೆ? ಮೇಲ್ ಮಾಡ್ತೇನೆ, ಅವಳಿಗೆ ಗೊತ್ತಾಗಿದೆ, ಇನ್ನು ನಿಲ್ಲುದು ಬೇಡ ಅಂತ."

ಮೇಲ್ ಮಾಡಬೇಡ ಎಂದು ನಾನು ಹೇಳಲಿಲ್ಲ. ಸರಿ ಎಂದೂ ಎನ್ನಲಿಲ್ಲ. ಹಿಂದೆ ಕ್ಯೂ ಉಂಟು, ಇಡ್ತೇನೆ ಎಂದೆ.

ಸೆಪ್ಟೆಂಬರ್ 20. ಬುಧವಾರ, ಸಂಜೆ, ಆಫೀಸಿನಲ್ಲೇ

ಈ ಸೀಸನ್ನಿನ ಕೊನೆಯ ಹಡಗು ಇವತ್ತು. ಇನ್ನು ಆ ಊರಿಗೂ ರಜೆ. ಕುಂಞಿಯವರು ಸುಲೈಮಾನಿ ಇಟ್ಟು ಪರದೆಯ ಕಡೆ ನೋಡದೆ ಹೋದರು. ನನ್ನ ಮುಖ ನೋಡಿರಬೇಕು.

ನಾನು ಬಂದದ್ದು ಅಲ್ಲಿ ಯಾರೂ ಇಲ್ಲವೆಂದು ನೋಡಿ ಹೋಗುವುದಕ್ಕೆ. ಅಷ್ಟೇ.

ಜೋರು ಮಳೆ. ಟೂರಿಸ್ಟರು ಕಡಿಮೆ. ಕೆಂಪು ಗೋಡೆಯ ಅಂಗಡಿ ಆಗಲೇ ಸೀಸನ್ ಮುಗಿಸಿ ಮುಚ್ಚಿದೆ. ಹಲಗೆಯ ಕೆಳಗೆ ಖಾಲಿ. ಎರಡನೆಯ ಚಿತ್ರವೂ ಖಾಲಿ. ಮೂರನೆಯದೂ.

ಬಂದರು. ಹಳದಿ ಕೋಟು.

ಕೈ ಎತ್ತಿಲ್ಲ. ಕೈ ಎತ್ತುವುದು ಸೆಲೆಸ್ಟಿನ್‌ನ ಗುರುತು, ಅದಕ್ಕಿರಬೇಕು. ಸುಮ್ಮನೆ ಕ್ಯಾಮೆರಾದ ಕಡೆ ತಿರುಗಿ ನಿಂತಿದ್ದಾರೆ. ಮೇಲ್ ಸಿಕ್ಕಿದೆ ಹಾಗಾದರೆ. ಸಿಕ್ಕಿಯೂ ಬಂದಿದ್ದಾರೆ.

ಹುಡ್ ತೆಗೆದರು. ಬೋಳುತಲೆ.

ಈಗ ಕೋಟನ್ನೂ ಬಿಚ್ಚಿ ಮಡಚಿ ಕೈ ಮೇಲೆ ಹಾಕಿಕೊಂಡಿದ್ದಾರೆ. ಒಳಗೆ ಬಿಳಿ ಯೂನಿಫಾರ್ಮ್. ಸೆಲೆಸ್ಟಿನ್‌ಗಿಂತ ಗಿಡ್ಡ. ಮಳೆಯಲ್ಲಿ ಹಾಗೇ ನಿಂತಿದ್ದಾರೆ, ಇದು ನಾನು ಎನ್ನುವ ಹಾಗೆ. ಎರಡು ಚಿತ್ರ ಆಯಿತು, ಮೂರು ಆಯಿತು, ಕದಲಿಲ್ಲ.

ನಾನೇ ಕೈ ಎತ್ತಿದೆ. ಕೋಟು ಹಾಕಿಕೊಳ್ಳಿ ಮಾರಾಯ್ರೆ, ಶೀತ ಆಗ್ತದೆ ಎಂದೆ. ಗಟ್ಟಿಯಾಗಿಯೇ ಎಂದೆ. ಮುಂದಿನ ಚಿತ್ರ ಇನ್ನೂ ಬಂದಿಲ್ಲ, ಎತ್ತಿದ ಕೈ ಇಳಿಸದೆ ಇನ್ನೊಂದು ಕೈಯಿಂದ ಇಷ್ಟು ಬರೆದೆ.