ಅಂತರಗಂಗೆ ತೆಗೆಸಿದ ಕೆರೆ

ಫೆಬ್ರವರಿ 11, ಮಂಗಳವಾರ. ಬೆಳಿಗ್ಗೆ 9.40

ಇಂದು ಮೂವತ್ತೊಂದು. ನಿನ್ನೆ ಇಪ್ಪತ್ತಾರು. ಕೆರೆಯಲ್ಲಿ ತೇಲುತ್ತಿದ್ದ ಜೇನುಹುಳಗಳನ್ನು ಬಲೆಯಲ್ಲಿ ಎತ್ತಿ, ಕಟ್ಟೆಯ ಮೇಲೆ ಸಾಲಾಗಿ ಇಟ್ಟು ಎಣಿಸಿದೆ. ಎಲ್ಲವೂ ನನ್ನ ಪೆಟ್ಟಿಗೆಗಳವೇ. ಇಪ್ಪತ್ತೆಂಟು ವರ್ಷದಿಂದ ಈ ಎಸ್ಟೇಟಿನ ರೈಟರ್; ಆಳುಗಳ ಹಾಜರಿ ಬರೆದು ಬರೆದು ಬೆರಳು ಸವೆದಿದೆ. ಸತ್ತವರ ಹಾಜರಿ ಹಿಡಿದದ್ದು ಇದೇ ಮೊದಲು.

ಹನ್ನೆರಡು ಪೆಟ್ಟಿಗೆ ಕೆರೆಯ ಈಚೆ ದಡದಲ್ಲಿ. ಸ್ಪ್ರಿಂಕ್ಲರ್ ನೀರು ಕುಡಿದ ರೋಬಸ್ಟಾ ಕಾಫಿ ಆಚೆ ದಡದಲ್ಲಿ, ಬೆಳ್ಳಗೆ ಹೂ ಬಿಟ್ಟು ನಿಂತಿದೆ. ಹುಳಗಳು ಕೆರೆ ದಾಟಿ ಹೋಗುತ್ತವೆ, ಬರುತ್ತವೆ. ಈಗ ಕೆಲವು ಬರುತ್ತಿಲ್ಲ.

ಯಾರೋ ಔಷಧಿ ಹೊಡೆದಿದ್ದಾರೆ. ಹೂ ಇರುವಾಗ ಔಷಧಿ ಮುಟ್ಟಬೇಡಿ ಎಂದು ಬಡಕೊಂಡಿದ್ದೆ. ಯಾರು?

ಫೆಬ್ರವರಿ 12. ಮಧ್ಯಾಹ್ನ

ಸ್ಟೋರ್ ಹಿಂದೆ ಸ್ಪ್ರೇ ಕ್ಯಾನ್ ಒದ್ದೆಯಾಗಿತ್ತು. ಮೆಣಸಿನ ಬಳ್ಳಿಗೆ ಔಷಧಿ ಹೊಡೆಯುವವನು ಲಕ್ಕಪ್ಪನೊಬ್ಬನೇ. ಬೆಳಗಿನ ಹಾಜರಿಯಲ್ಲಿ, ಎಲ್ಲರೂ ಸಾಲಾಗಿ ನಿಂತಿದ್ದಾಗಲೇ ಕೇಳಿದೆ.

“ಕ್ಯಾನ್ ಯಾಕೋ ಒದ್ದೆ?”

“ಮುಂದಿನ್ ವಾರ ಬೇಕಾಯ್ತದೆ ಅಂತ ತೊಳೆದಿಟ್ಟೆ ರೈಟ್ರೇ. ಬರೀ ನೀರು ಕಣ್ರೀ.”

“ಬರೀ ನೀರಿಗೆ ಜೇನು ಸಾಯುತ್ತೇನೋ?”

ಯಾರೋ ನಕ್ಕರು. ನಕ್ಕಿದ್ದೇ ತಡ, ನನ್ನ ನಾಲಿಗೆ ಇನ್ನೂ ಉದ್ದವಾಯಿತು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎಂದೆ. ಲಕ್ಕಪ್ಪ ಹೆಂಡತಿ ಮಕ್ಕಳ ಆಣೆ ಹಾಕಿದ. ಕೇಳಲಿಲ್ಲ. ಮಾಲೀಕರಾದ ಅರುಣ್ ಸಾರ್‌ಗೆ ಫೋನ್ ಮಾಡಿದೆ. ಕೆಲಸದಿಂದ ತೆಗೆಯಿರಿ ಎಂದರು. ಮೂರು ದಿನದಲ್ಲಿ ಎಸ್ಟೇಟ್ ಕೊಟ್ಟ ಲೈನ್ ಮನೆ ಖಾಲಿ ಮಾಡಬೇಕು.

ಈಗ ತಾನೇ ಲಕ್ಕಪ್ಪನ ಹೆಂಡತಿ ಗಂಗಾಮಣಿ ಬಂದಿದ್ದಳು. ನಮ್ಮವಳಿಂದ ಇಸಕೊಂಡಿದ್ದ ಕುಕ್ಕರ್ ಜಗಲಿಯ ಮೇಲಿಟ್ಟು ಹೋದಳು. ಬೆಳಗಿಕೊಂಡು ತಂದಿದ್ದಳು, ಹೊಸದರ ಹಾಗೆ.

ಫೆಬ್ರವರಿ 15

ಲಕ್ಕಪ್ಪನ ಸಾಮಾನು ಆಟೋದಲ್ಲಿ ಹೋಯಿತು. ಆಲೂರಿನಲ್ಲಿ ಬಾಮೈದನ ಮನೆಯಂತೆ.

ಕೆರೆಯಲ್ಲಿ ಇಪ್ಪತ್ತೆಂಟು. ಔಷಧಿ ಇನ್ನೂ ಎಲೆಯ ಮೇಲೆ ಉಳಿದಿರಬೇಕು.

ಫೆಬ್ರವರಿ 18

ಒಂದೂ ಇಲ್ಲ! ಬೆಳಿಗ್ಗೆಯಿಂದ ಗಾಳಿ, ಮರಗಳೆಲ್ಲ ಹೊಯ್ದಾಡುತ್ತಿವೆ. ನಿನ್ನೆಯೂ ಗಾಳಿ, ನಿನ್ನೆ ಒಂದು. ಔಷಧಿಯ ಕಾವು ಇಳಿಯಿತು. ಅಂತೂ ಸಮಾಧಾನ. ನಾನು ಹೇಳಿದ್ದೇ ಸರಿ.

ಫೆಬ್ರವರಿ 20. ಬೆಳಿಗ್ಗೆ 10

ಗಾಳಿ ನಿಂತಿದೆ. ಮೂವತ್ತನಾಲ್ಕು.

ಹಿಂದಿನ ಪುಟಗಳನ್ನು ತಿರುವಿದೆ. ಹೆಚ್ಚು ಸತ್ತ ದಿನಗಳೆಲ್ಲ ಎಲೆ ಅಲುಗದ ದಿನಗಳು. ಗಾಳಿ ನೋಡಿಕೊಂಡು ಕೊಲ್ಲುವ ಔಷಧಿ ಯಾವುದಪ್ಪಾ… ಅಕ್ಕನ ಮಗಳು ಪೂಜಿತಾಗೆ ಮೆಸೇಜ್ ಹಾಕಿದೆ. ಹಾಸನದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುತ್ತಾಳೆ. ಭಾನುವಾರ ಬರುತ್ತೇನೆ ಎಂದಳು.

ಫೆಬ್ರವರಿ 23, ಭಾನುವಾರ. ಸಂಜೆ

ಪೂಜಿತಾ ಬೆಳಿಗ್ಗೆ ಎಂಟಕ್ಕೇ ಬಂದಳು. ಕಾಫಿ ಕೊಟ್ಟರೆ ಲೋಟ ಹಿಡಿದುಕೊಂಡೇ ಕೆರೆ ಏರಿಗೆ ನಡೆದಳು. ಇಬ್ಬರೂ ಕೂತು ನೋಡಿದೆವು. ನೀರು ಅಲುಗುತ್ತಿರಲಿಲ್ಲ. ಆಕಾಶವೇ ಕೆಳಗೆ ಬಿದ್ದಿತ್ತು.

ಒಂದು ಹುಳ ದಡ ಬಿಟ್ಟು ಹೊರಟಿತು. ಮೊದಲು ಆಳೆತ್ತರ. ಆಮೇಲೆ ಸೊಂಟದೆತ್ತರ. ಆಮೇಲೆ ಮೊಣಕಾಲು. ತಡವರಿಸಲಿಲ್ಲ, ಸುತ್ತಲಿಲ್ಲ. ನೇರವಾಗಿ ಹಾರುತ್ತಲೇ ನೀರಿಗೆ ಹೋಯಿತು.

ಪೂಜಿತಾ ಕೋಲಿನ ತುದಿಯಲ್ಲಿ ಅದನ್ನು ಎತ್ತಿ ಬಿಸಿಲಿಗಿಟ್ಟಳು. ಹತ್ತು ನಿಮಿಷಕ್ಕೆ ರೆಕ್ಕೆ ಒಣಗಿಸಿಕೊಂಡು ಹಾರಿಹೋಯಿತು.

“ವಿಷ ಹತ್ತಿದ್ದು ಹೀಗೆ ಎದ್ದು ಹೋಗುತ್ತಾ ಮಾವ?”

ಅವಳೇ ಹೇಳಿದಳು. “ಬಸ್ಸಲ್ಲಿ ಕಿಟಕಿ ಪಕ್ಕ ಕೂತ್ರೆ ಹತ್ತಿರದ ಮರ ಜೋರಾಗಿ ಓಡುತ್ತೆ, ದೂರದ ಗುಡ್ಡ ನಿಧಾನ. ಅಲ್ವಾ? ಜೇನು ನೋಡೋದು ಅದನ್ನೇ. ಕೆಳಗಿನ ನೆಲ ಜೋರಾಗಿ ಹಿಂದಕ್ಕೆ ಓಡಿದ್ರೆ ನೆಲ ಹತ್ತಿರ ಬಂತು ಅಂತ ಮೇಲೇರುತ್ತೆ. ನಿಧಾನವಾದ್ರೆ ಎತ್ತರ ಜಾಸ್ತಿಯಾಯ್ತು ಅಂತ ಇಳಿಯುತ್ತೆ.”

“ನೀರಿನ ಮೇಲೆ?”

“ಅಲೆ ಇದ್ರೆ ಅಲೆ ಓಡುತ್ತೆ. ಅಲೆ ಇಲ್ಲದಿದ್ರೆ ಓಡೋಕೆ ಏನೂ ಇಲ್ಲ. ಇನ್ನೂ ಎತ್ತರದಲ್ಲಿದ್ದೀನಿ, ಇನ್ನೂ ಎತ್ತರದಲ್ಲಿದ್ದೀನಿ ಅಂತ ಇಳೀತಾ ಇಳೀತಾ ನೀರಿಗೇ ಬೀಳುತ್ತೆ. ಹೋದ ವರ್ಷ ಯಾಕೆ ಬೀಳಲಿಲ್ಲ ಮಾವ?”

ಹೋದ ವರ್ಷ ಕೆರೆಯ ತುಂಬ ಅಂತರಗಂಗೆ ಕಳೆ ತೇಲುತ್ತಿತ್ತು. ನೀರೇ ಕಾಣುತ್ತಿರಲಿಲ್ಲ. ಈ ಜನವರಿಯಲ್ಲಿ ಎಂಟು ಆಳು ಹಚ್ಚಿ ಬುಡಸಮೇತ ತೆಗೆಸಿದೆ. ‘ಕನ್ನಡಿ ಮಾಡ್ಬಿಟ್ರಲ್ಲ ರೈಟ್ರೇ!’ ಎಂದು ಅರುಣ್ ಸಾರ್ ಬೆನ್ನು ತಟ್ಟಿದ್ದರು. ಉಬ್ಬಿಹೋಗಿದ್ದೆ.

ಆ ಎಂಟು ಆಳಿನಲ್ಲಿ ಲಕ್ಕಪ್ಪನೂ ಇದ್ದ. ಸೊಂಟದವರೆಗಿನ ನೀರಲ್ಲಿ ನಿಂತು ಹೇಳಿದ್ದ: “ಎಲ್ಲಾ ಕಿತ್ತಾಕ್ಬೇಡಿ ರೈಟ್ರೇ. ಹುಳ ಬಂದು ಕೂರ್ತವೆ, ಒಂಚೂರು ಇರ್ಲಿ.” ಜೇನು ಸಾಕಿದೋನು ನೀನೋ ನಾನೋ ಎಂದು ಗದರಿದ್ದೆ.

ಪೂಜಿತಾಗೆ ಅಂತರಗಂಗೆಯ ವಿಷಯ ಮಾತ್ರ ಹೇಳಿದೆ. ಲಕ್ಕಪ್ಪನ ವಿಷಯ ಹೇಳಲಿಲ್ಲ.

ಫೆಬ್ರವರಿ 27

ಸೋಮವಾರ ಕೆರೆಯ ಅಡ್ಡಕ್ಕೆ ಹಗ್ಗ ಎಳೆಸಿ, ಬಿದಿರು ತುಂಡು, ಬಾಳೆದಿಂಡು ಕಟ್ಟಿ ತೇಲಿಬಿಟ್ಟೆ. ಆಳುಗಳು ಮುಖ ಮುಖ ನೋಡಿಕೊಂಡರು. ಆಮೇಲಿನ ಮೂರು ದಿನವೂ ಗಾಳಿ ಇಲ್ಲ. ಸತ್ತದ್ದು ಎರಡು, ಒಂದು, ಇಂದು ಸೊನ್ನೆ.

ಖುಷಿಯಾಗಬೇಕಿತ್ತು. ಆಗಲಿಲ್ಲ. ಬರೀ ನೀರಿಗೆ ಜೇನು ಸಾಯುತ್ತೇನೋ ಎಂದು ನಾಲ್ಕು ಜನರೆದುರು ಕೇಳಿದವನು ನಾನು. ಸಾಯುತ್ತದೆ. ಸಾಯಿಸಿದವನೂ ನಾನೇ.

ಫೆಬ್ರವರಿ 28

ಅರುಣ್ ಸಾರ್‌ಗೆ ಎಲ್ಲ ಹೇಳಿದೆ.

“ಬಿಡಿ ರೈಟ್ರೇ. ಆ ಕೆಲಸಕ್ಕೆ ಹೊಸಬ ಬಂದಿದ್ದಾನಲ್ಲ. ರೈಟರೇ ತಪ್ಪು ಒಪ್ಪಿಕೊಂಡ್ರೆ ನಾಳೆ ನಿಮ್ಮ ಮಾತು ಯಾರು ಕೇಳ್ತಾರೆ?”

ಹೌದೆನಿಸಿತು. ನಿಜ ಬರೆಯಬೇಕು: ಹಾಯೆನಿಸಿತು.

ಮಾರ್ಚ್ 9, ಭಾನುವಾರ. ಸಂಜೆ 5

ಎಂಟು ದಿನ ಈ ಪುಸ್ತಕ ತೆರೆಯಲಿಲ್ಲ. ಹಾಯೆನಿಸಿದ್ದು ಎರಡೇ ದಿನ. ಆಮೇಲೆ ದಿನಾ ಬೆಳಿಗ್ಗೆ ಹೆಸರು ಕೂಗುವಾಗ, ಕೆಂಪು ಗೀಟು ಹಾಕಿದ ಹನ್ನೊಂದನೇ ಸಾಲಿನ ಲಕ್ಕಪ್ಪನ ಹೆಸರಿಗೆ ಬಂದು ಬೆರಳು ನಿಲ್ಲುತ್ತಿತ್ತು.

ಬೆಳಿಗ್ಗೆ ಬಸ್ ಹತ್ತಿ ಆಲೂರಿಗೆ ಹೋದೆ. ಆನೇಮಹಲ್ ದಾಟುವವರೆಗೂ ಕಿಟಕಿಯಲ್ಲಿ ಮರಗಳು ಓಡುವುದನ್ನೇ ನೋಡಿದೆ. ಅವತ್ತು ಪೂಜಿತಾ ಇನ್ನೊಂದು ಮಾತು ಹೇಳಿದ್ದಳು. ಇಳಿಯುವ ಜೇನು, ನೆಲ ಓಡುವ ವೇಗ ಹೆಚ್ಚದ ಹಾಗೆ ನೋಡಿಕೊಳ್ಳುತ್ತದಂತೆ. ಹಾಗಾಗಿ ಹತ್ತಿರವಾದಷ್ಟೂ ತಾನೇ ನಿಧಾನವಾಗುತ್ತದೆ, ಕಾಲು ತಾಗುವ ಹೊತ್ತಿಗೆ ವೇಗವೇ ಇರುವುದಿಲ್ಲ. ಬಸ್ ಸ್ಟ್ಯಾಂಡಿನಿಂದ ಆ ಮನೆಯವರೆಗೆ ನನ್ನ ಕಾಲುಗಳೂ ಅದನ್ನೇ ಮಾಡಿದವು. ಐದು ನಿಮಿಷದ ದಾರಿಗೆ ಅರ್ಧ ಗಂಟೆ.

ಗಂಗಾಮಣಿ ನೀರು ಕೊಟ್ಟಳು. ಕಾಫಿ ಕುಡೀತೀರಾ ಎಂದು ಕೇಳಲಿಲ್ಲ. ನಮ್ಮ ಕಡೆ ಅದಕ್ಕಿಂತ ದೊಡ್ಡ ಬೈಗುಳ ಇಲ್ಲ.

ಅಂತರಗಂಗೆ, ಗಾಳಿ, ಬಾಳೆದಿಂಡು, ಎಲ್ಲ ಹೇಳಿದೆ. ಲಕ್ಕಪ್ಪ ನೆಲ ನೋಡುತ್ತ ಕೇಳಿಸಿಕೊಂಡ.

“ತಪ್ಪು ನಂದೇ ಲಕ್ಕಪ್ಪ. ವಾಪಸ್ ಬಾ. ಸಾರ್‌ಗೆ ನಾನು ಹೇಳ್ತೀನಿ.”

“ಕೆಲ್ಸ ಇಲ್ಲೂ ಸಿಕ್ಕೈತೆ ರೈಟ್ರೇ. ಅಲ್ಲಿ ಲೈನಲ್ಲಿ ನನ್ನನ್ನ ‘ಜೇನು ಸಾಯ್ಸಿದೋನು’ ಅಂತವ್ರಂತೆ. ನಮ್ಮುಡುಗಿ ಅದನ್ನ ಕೇಳಿಸ್ಕಂಡು ಬಂದು ಅತ್ತವ್ಳೆ.”

“ಅದಕ್ಕೇ ಬಂದೆ. ತಪ್ಪಾಯ್ತು ಅಂತ…”

“ಇಲ್ಯಾಕ್ ಹೇಳ್ತೀರ? ಇಲ್ಲಿ ಯಾರವ್ರೆ ಕೇಳಕ್ಕೆ?” ಮೊದಲ ಸಲ ತಲೆ ಎತ್ತಿದ. “ಹಾಜ್ರೀಲಿ ಅಂದ್ರಿ. ಹಾಜ್ರೀಲೇ ಹೇಳಿ. ನಾಳೆ ಬಂದು ನಿಂತ್ಕತೀನಿ.”

ಮಾರ್ಚ್ 10, ಸೋಮವಾರ. ಬೆಳಿಗ್ಗೆ 7.20

ಸ್ಟೋರ್ ಆಫೀಸಿನ ಕಿಟಕಿ. ಅಂಗಳದಲ್ಲಿ ಆಳುಗಳು ಸೇರುತ್ತಿದ್ದಾರೆ. ಲಕ್ಕಪ್ಪ ಬಂದಿದ್ದಾನೆ, ಇಸ್ತ್ರಿ ಅಂಗಿ ಹಾಕಿಕೊಂಡು. ಸಾಲಿನಲ್ಲಿ ತನ್ನ ಹಳೇ ಜಾಗದಲ್ಲೇ ನಿಂತಿದ್ದಾನೆ. ಅವನ ಅಕ್ಕಪಕ್ಕ ಒಂದೊಂದು ಆಳಿನ ಜಾಗ ಖಾಲಿ. ಯಾರೂ ಹತ್ತಿರ ನಿಲ್ಲುತ್ತಿಲ್ಲ. ಗಂಗಾಮಣಿಯೂ ಬಂದಿದ್ದಾಳೆ, ಗೇಟಿನ ಹತ್ತಿರ, ಮಗಳ ಕೈ ಹಿಡಿದುಕೊಂಡು.

ಅರುಣ್ ಸಾರ್ ಜೀಪ್ ಕೂಡ ಬಂತು. ಬರಲಿ.

ಹೇಳಬೇಕಾದ್ದು ಮೂರೇ ಮಾತು. ಲಕ್ಕಪ್ಪ ಔಷಧಿ ಹೊಡೆದಿಲ್ಲ. ಅಂತರಗಂಗೆ ತೆಗೆಸಿದ್ದು ನಾನು. ಅವನು ಬೇಡ ಎಂದಿದ್ದ.

ಹಾಜರಿ ಪುಸ್ತಕದ ಹೊಸ ಪುಟದಲ್ಲಿ ಅವನ ಹೆಸರನ್ನು ಎಲ್ಲಕ್ಕಿಂತ ಮೇಲೆ ಬರೆದಿದ್ದೇನೆ. ಅದನ್ನೇ ಮೊದಲು ಕೂಗುತ್ತೇನೆ. ಓ ಎನ್ನುತ್ತಾನೋ ಇಲ್ಲವೋ. ಓ ಎಂದರೆ ಆಗ…

ಗಂಟೆ ಹೊಡೆದರು. ಹೊರಟೆ. ಮೊದಲು ಹೆಸರು, ಆಮೇಲೆ ಆ ಮೂರು ಮಾತು.