ಅಮಾಸಿ ರಾತ್ರಿಗೆ ಒಂದು ಪೈಸೆಯ ಚಂದ್ರ

ಇಂದೂರ, ತಾಲೂಕು ಮುಂಡಗೋಡ
ತಾ. ೨೨-೧-೧೯೬೨

ದಾಂಡೇಲಿ ಪೇಟೆಯ ಫೋಟೋ ಸ್ಟುಡಿಯೋದ ಮಾಲೀಕರಾದ ನಮ್ಮ ಯಜಮಾನರಿಗೆ, ಗುರುಬಸವ್ವ ಮಾಡುವ ನಮಸ್ಕಾರಗಳು.

‘ಪಾದಗಳಿಗೆ’ ಎಂದು ಬರೆಯುವುದು ರೂಢಿ. ಆದರೆ ನೀವು ಕಳಿಸಿದ ಫೋಟೋದಲ್ಲಿ ನಿಮ್ಮ ಪಾದಗಳೇ ಇಲ್ಲ, ಮೊಣಕಾಲಿಗೇ ಕತ್ತರಿಸಿಬಿಟ್ಟಿದ್ದೀರಿ. ಇಲ್ಲದ ಪಾದಕ್ಕೆ ಹೇಗೆ ಎರಗಲಿ? ಸದ್ಯಕ್ಕೆ ಮೊಣಕಾಲಿನ ಮೇಲೆ ಉಳಿದಿರುವ ಭಾಗಕ್ಕೆ ನಮಸ್ಕಾರ ಮಾಡಿದ್ದೇನೆ, ಒಪ್ಪಿಸಿಕೊಳ್ಳಬೇಕು.

ಪತ್ರವೂ ಫೋಟೋವೂ ಶುಕ್ರವಾರದ ಟಪಾಲಿಗೆ ಮುಟ್ಟಿದವು. ಪತ್ರದಲ್ಲಿ ಮುಕ್ಕಾಲು ಪಾಲು ನನಗೆ ಪಾಠ. ರಾತ್ರಿಯ ಫೋಟೋದಲ್ಲಿ ಕತ್ತಲು ಜಾಸ್ತಿಯಾದರೆ ಅದು ಸತ್ತ ಜಾಗ, ನೋಡುವವರ ಕಣ್ಣು ಅಲ್ಲಿ ಹೋಗಿ ಸಿಕ್ಕಿಕೊಳ್ಳುತ್ತದೆ. ಬೇಡದ್ದನ್ನು ಅಂಚಿನಿಂದ ತೆಗೆದು, ಬೇಕಾದವರನ್ನು ನಡುವಿನಿಂದ ತುಸು ಸರಿಸಿ ನಿಲ್ಲಿಸಿದರೆ ಚಿತ್ರಕ್ಕೆ ಕಳೆ ಬರುತ್ತದೆ. ‘ಕತ್ತರಿಸುವ ಧೈರ್ಯವಿಲ್ಲದವನು ಕಲಾವಿದನಲ್ಲ’ ಎಂದೆಲ್ಲ ಬರೆದಿದ್ದೀರಿ. ಹುಬ್ಬಳ್ಳಿಯ ರದ್ದಿ ಅಂಗಡಿಯಿಂದ ತಂದ ಆ ರಟ್ಟು ಹರಿದ ಪುಸ್ತಕದ್ದೇ ಮಾತು, ಗುರುತು ಹಿಡಿದೆ. ನೀವು ಡಾರ್ಕ್‌ರೂಮಿನಲ್ಲಿ ಅದನ್ನು ಗಟ್ಟಿಯಾಗಿ ಓದುವಾಗ ಹೈಪೊ ರಸಾಯನದ ವಾಸನೆಯಲ್ಲಿ ಮೂಗು ಮುಚ್ಚಿಕೊಂಡು ಪ್ರಿಂಟು ತೊಳೆಯುತ್ತಿದ್ದವಳು ನಾನೇ.

ಹಾಗಾದರೆ ಈ ಫೋಟೋದ ಬಗ್ಗೆ ನನ್ನ ಅಭಿಪ್ರಾಯವನ್ನೂ ಕೇಳಿ. ನೀವೇ ಕೇಳಿದ್ದೀರಿ, ‘ಹೆಂಗ ಬಂದೈತಿ ಬರಿ’ ಅಂತ.

ದೀಪಾವಳಿ ಅಮಾವಾಸ್ಯೆಯ ರಾತ್ರಿ, ಅಂಗಡಿ ಪೂಜೆ ಮುಗಿದ ಮೇಲೆ ಬಾಗಿಲಲ್ಲಿ ನಿಂತು ತೆಗೆಸಿಕೊಂಡ ಫೋಟೋ ಇದು. ಬಾಳೆಕಂಬ, ಚೆಂಡು ಹೂವಿನ ಮಾಲೆ, ಹೊಸ್ತಿಲ ಮೇಲೆ ಪಣತಿ. ಕ್ಯಾಮರಾ ರಸ್ತೆಯಲ್ಲಿ ಮೂರುಕಾಲಿನ ಮೇಲೆ ನಿಂತಿತ್ತು. ಪಕ್ಕದ ಪಾನ್ ಅಂಗಡಿಯ ಮುದಕಪ್ಪ ಅದರ ಮುಚ್ಚಳ ತೆಗೆದು, ನೀವು ಹೇಳಿದಷ್ಟು ಹೊತ್ತು ಎಣಿಸಿ, ಮತ್ತೆ ಮುಚ್ಚಿದ. ಅಷ್ಟೂ ಹೊತ್ತು ಯಾರೂ ಉಸಿರಾಡಬಾರದು, ಕಣ್ಣು ಪಿಳುಕಿಸಬಾರದು ಎಂದು ನೀವು ಗದರಿಸಿದ್ದಿರಿ. ಬಲಗಡೆ ನಾನು, ನಡುವೆ ನೀವು, ಎಡಗಡೆ ಗ್ಯಾಸಬತ್ತಿಯನ್ನು ಹೆಗಲೆತ್ತರಕ್ಕೆ ಹಿಡಿದುಕೊಂಡು ಅತ್ತೆಯವರು. ಬೆಳಕೆಲ್ಲ ಅವರ ಕೈಯಿಂದಲೇ ಬರುತ್ತಿತ್ತು.

ಈಗ ನೀವು ಕಳಿಸಿದ ಪ್ರಿಂಟಿನಲ್ಲಿ ನಾವಿಬ್ಬರೇ. ಬಲಗಡೆ ಮುದಕಪ್ಪನ ಸೈಕಲ್ಲಿನ ಹಿಂದಿನ ಗಾಲಿ ಇಣುಕುತ್ತಿತ್ತು, ಅದನ್ನು ತೆಗೆದದ್ದು ಒಳ್ಳೆಯದಾಯಿತು, ಒಪ್ಪುತ್ತೇನೆ. ಮೇಲಿನ ಬೋರ್ಡಿನ ಅರ್ಧ ಅಕ್ಷರಗಳನ್ನು ತೆಗೆದದ್ದೂ ಸರಿ. ಅಷ್ಟಕ್ಕೇ ಕತ್ತರಿ ಕೆಳಗಿಟ್ಟಿದ್ದರೆ ನಾನೇ ಭೇಷ್ ಎನ್ನುತ್ತಿದ್ದೆ. ಆದರೆ ಎಡಗಡೆ ಅತ್ತೆಯವರನ್ನು ಅಡಿಯಿಂದ ಮುಡಿಯವರೆಗೆ ತೆಗೆದುಹಾಕಿದ್ದೀರಿ. ಅವರ ಸೆರಗಿನ ತುದಿ ನಿಮ್ಮ ತೋಳಿಗೆ ತಗಲಿಕೊಂಡು ಉಳಿದಿತ್ತಲ್ಲ, ಅದನ್ನು ಕುಂಚದಿಂದ ತಿದ್ದಿ ಬಾಳೆಎಲೆ ಮಾಡಿದ್ದೀರಿ. ಹೆತ್ತವಳ ಸೆರಗನ್ನು ಬಾಳೆಎಲೆ ಮಾಡಿದ ಕಲಾವಿದರು ದಾಂಡೇಲಿಯಲ್ಲಿ ಮತ್ತೊಬ್ಬರು ಸಿಗಲಿಕ್ಕಿಲ್ಲ.

ಸರಿ, ಅವರು ಹೋದರು. ಆದರೆ ಅವರ ಬೆಳಕು ಎಲ್ಲಿಗೆ ಹೋಗಬೇಕು? ಅದು ನಮ್ಮಿಬ್ಬರ ಎಡಗೆನ್ನೆಯ ಮೇಲೆ ಹಾಗೇ ಬಿದ್ದಿದೆ, ನೆರಳು ಬಲಗಡೆಯ ಗೋಡೆಗೆ ಅಂಟಿಕೊಂಡಿದೆ. ದೀಪವಿಲ್ಲದ ಬೆಳಕು ನಿಮಗೂ ಗಂಟಲಲ್ಲಿ ಸಿಕ್ಕಿರಬೇಕು. ಅದಕ್ಕೇ ಎಡಗಡೆಯ ಮೂಲೆಯಲ್ಲಿ, ಆಕಾಶದಲ್ಲಿ, ಒಂದು ಚಂದ್ರನನ್ನು ಕೂರಿಸಿದ್ದೀರಿ.

ಹೇಗೆ ಕೂರಿಸಿದ್ದೀರಿ ಎಂದು ಹೇಳಲೇ? ಎನ್‌ಲಾರ್ಜರಿನ ಕೆಳಗೆ ಕಾಗದದ ಮೇಲೆ ಒಂದು ಹೊಸ ಪೈಸೆ ಇಟ್ಟು ಬೆಳಕು ಬಿಟ್ಟಿದ್ದೀರಿ. ಪೈಸೆ ಇದ್ದ ಜಾಗ ಕಪ್ಪಾಗದೆ ಬಿಳಿಯಾಗಿ ಉಳಿಯಿತು, ಚಂದ್ರ ಹುಟ್ಟಿದ. ಹೋದ ವರ್ಷ ನಾಟಕ ಕಂಪನಿಯವರ ಫೋಟೋಕ್ಕೂ ಇದೇ ಚಂದ್ರನನ್ನು ಕೊಟ್ಟಿದ್ದಿರಿ. ಅವರು ಖುಷಿಪಟ್ಟು ಹೋದರು, ಅದು ನಾಟಕ. ಇದು ದೀಪಾವಳಿ. ನಮ್ಮ ಅಪ್ಪ ಅಂದಾನೆಪ್ಪನವರು ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು, ಒಮ್ಮೆ ನನ್ನ ಮುಖ ನೋಡಿದರು, ಮತ್ತೆ ಫೋಟೋ ನೋಡಿದರು. ಆಮೇಲೆ ಅಂದರು, “ಅಮಾಸಿ ದಿನಾ ಹುಣ್ಣಿಮಿ ಚಂದ್ರನ್ನ ತಂದಾನಲ್ಲವಾ ನಿನ್ನ ಗಂಡ. ಮುಂದಿನ ವರ್ಷ ಇವಗ ಹೇಳಿ ಒಂದ್ ಹದಾ ಮಳಿನೂ ತರಸೂಣು.”

ಎತ್ತು ಕಟ್ಟಲು ಬಂದ ಆಳಿಗೂ ಅಪ್ಪ ಅದನ್ನು ತೋರಿಸಿದರು. ಅವನಿಗೆ ಅಕ್ಷರ ಬರುವುದಿಲ್ಲ, ಅಮಾವಾಸ್ಯೆ ಮಾತ್ರ ಬರುತ್ತದೆ. ಈಗ ಇಂದೂರದ ಕಟ್ಟೆಯಲ್ಲಿ ನಿಮಗೆ ಹೊಸ ಹೆಸರು ಬಿದ್ದಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಅಳಿಯ ಎಂಬ ಮರ್ಯಾದೆ ಇನ್ನೂ ಸ್ವಲ್ಪ ಉಳಿದಿದೆ.

‘ಇದೇ ಫೋಟೋವನ್ನು ದೊಡ್ಡದು ಮಾಡಿ ಅಂಗಡಿಯ ಗಾಜಿನ ಕಪಾಟಿನಲ್ಲಿ ಇಟ್ಟಿದ್ದೇನೆ, ಬಂದವರೆಲ್ಲ ಹೊಗಳುತ್ತಾರೆ’ ಎಂದು ಬರೆದಿದ್ದೀರಿ. ಹೊಗಳುವವರಲ್ಲಿ ಒಬ್ಬರಾದರೂ ಪಂಚಾಂಗ ನೋಡುವವರು ಇಲ್ಲವೇ? ಕಾಗದದ ಕಾರ್ಖಾನೆಯಲ್ಲಿ ಮೂರು ಪಾಳಿ ದುಡಿದು ಬರುವವರಿಗೆ ಹಗಲು ರಾತ್ರಿ ಗೊತ್ತಾಗದೆ ಇರಬಹುದು. ಆದರೆ ಧಾರವಾಡ, ಬೆಳಗಾವಿ ಕಡೆಯಿಂದ ಬಂದ ಆ ಜನ ದೀಪಾವಳಿಯನ್ನೂ ಮರೆತರೇ? ನನಗೆ ಅನಿಸುವುದು ಇಷ್ಟೇ, ಅವರು ನೋಡಿದ್ದಾರೆ, ನಿಮ್ಮ ಎದುರಿಗೆ ನಗಲಿಲ್ಲ.

ಇನ್ನು ಪತ್ರದ ಕೊನೆಯ ಭಾಗ. ಅಲ್ಲಿ ಪಾಠ ಮುಗಿದು ಪ್ರೀತಿ ಶುರುವಾಗುತ್ತದೆ. ‘ಅವ್ವ ತಾನಾಗೇ ಹಟ ಹಿಡಿದು ಜೊಯಿಡಾದ ನಮ್ಮ ದೂರದ ನೆಂಟ ಗೂಳಪ್ಪಣ್ಣನ ಮನೆಗೆ ಹೋದಳು, ಅಲ್ಲಿ ಆರಾಮ ಇದ್ದಾಳೆ. ಅತ್ತೆ ಸೊಸೆಯ ಜಗಳ ಇನ್ನು ಇಲ್ಲ. ಫೋಟೋದಲ್ಲಿ ಇರುವ ಹಾಗೆ ಇನ್ನು ನಾವಿಬ್ಬರೇ. ಮಾಘದ ಮದುವೆಗಳು ಬಂದವು, ರೀಟಚಿಂಗ್ ಕೆಲಸ ರಾಶಿ ಬಿದ್ದಿದೆ, ಬೇಗ ಬಾ.’ ಪ್ರೀತಿಯ ಹಿಂದೆಯೇ ರೀಟಚಿಂಗ್ ಬಂದದ್ದನ್ನು ಗಮನಿಸಿದೆ. ಅದನ್ನೂ ಕತ್ತರಿಸಿ ಕಳಿಸಿದ್ದರೆ ಪತ್ರ ಇನ್ನೂ ಚೆಂದ ಕಾಣುತ್ತಿತ್ತು.

ಅತ್ತೆ ಸೊಸೆಯ ಜಗಳ ಯಾವುದು ಹೇಳಿ. ನೀವು ಊರಿಗೆಲ್ಲ ಹೇಳಿಕೊಂಡು ತಿರುಗಿದ ಜಗಳವನ್ನು ನಾವಿಬ್ಬರೂ ಕಂಡಿಲ್ಲ. ಬೇಕಾದರೆ ನೆನಪು ಮಾಡಿಕೊಡುತ್ತೇನೆ. ದೀಪಾವಳಿಯ ಮೇಲೆ ಇಡೀ ಫೋಟೋವನ್ನು ನೀವೇ ಹೆಮ್ಮೆಯಿಂದ ಕಪಾಟಿನಲ್ಲಿ ಇಟ್ಟಿರಿ, ಅತ್ತೆಯವರೂ ಸಹಿತ. ಹಳಿಯಾಳದಿಂದ ಮದುವೆಯ ಆರ್ಡರು ಕೊಡಲು ಬಂದವರು ಅದನ್ನು ನೋಡಿ, ಗಂಡ ಸತ್ತವಳನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡ ಅಂಗಡಿಯಲ್ಲಿ ಮದುಮಕ್ಕಳ ಫೋಟೋ ಬೇಡ ಎಂದು ಮುಖ ಸಿಂಡರಿಸಿಕೊಂಡು ಹೋದರು. ಅವರಿಗೆ ಒಂದು ಮಾತು ಹೇಳುವ ಗಂಡಸು ನೀವಾಗಿರಲಿಲ್ಲ. ಸಂಜೆಗೆ ಫೋಟೋ ಇಳಿಯಿತು. ಮರುದಿನದಿಂದ, ಗಿರಾಕಿಗಳು ಬಂದಾಗ ಅವ್ವ ಹಿಂದಿನ ಖೋಲಿಯಲ್ಲಿ ಕೂರಬೇಕು ಎಂದು ಕಾಯಿದೆ ಮಾಡಿದಿರಿ.

ಯಾರನ್ನು ಹಿಂದೆ ಕೂರಿಸಿದಿರಿ ಗೊತ್ತೇ? ಆ ಅಂಗಡಿ ಮೊದಲು ಅವರ ರೊಟ್ಟಿ ಖಾನಾವಳಿ. ಕಾರ್ಖಾನೆ ಕಟ್ಟುವಾಗ ಬಂದ ಕೂಲಿಗಳಿಗೆ ರೊಟ್ಟಿ ಬಡಿದು ಬಡಿದು ಅವರ ಅಂಗೈ ಇವತ್ತಿಗೂ ಹಲಗೆಯ ಹಾಗೆ ಇದೆ. ಒಲೆ ಇದ್ದ ಜಾಗದಲ್ಲಿಯೇ ನಿಮ್ಮ ಡಾರ್ಕ್‌ರೂಮು ಬಂದದ್ದು. ಮಸಿ ಹಿಡಿದ ಗೋಡೆ ಇದ್ದದ್ದರಿಂದ ಕಪ್ಪು ಬಣ್ಣದ ಖರ್ಚೂ ಉಳಿಯಿತು ಎಂದು ನೀವೇ ನಕ್ಕಿದ್ದಿರಿ. ಅಂಥವರನ್ನು ಹಿಂದಿನ ಖೋಲಿಗೆ ಕಳಿಸಬೇಡಿ ಎಂದು ನಾನು ಅಂದೆ. ಆವತ್ತು ನೀವು ಕೊಟ್ಟ ಉತ್ತರ ನನ್ನ ಕಿವಿಯಲ್ಲಿ ಹಾಗೇ ಇದೆ: “ಹೊಂದಿಕೊಂಡ್ ಇರೂದಿದ್ರ ಇರು, ಇಲ್ಲಂದ್ರ ಇಂದೂರ ಬಸ್ ಹತ್ತು.” ಹತ್ತಿದೆ. ಅತ್ತೆಯವರು ಬಸ್ಸಿನವರೆಗೆ ಬಂದು ನನ್ನ ಉಡಿಯಲ್ಲಿ ರೊಟ್ಟಿ ಗಂಟು ಇಟ್ಟು ಕಳಿಸಿದರು. ನಮ್ಮ ಜಗಳ ಅಂದರೆ ಅಷ್ಟೇ, ನಾನು ಗಂಟು ಬೇಡ ಎಂದೆ, ಅವರು ಬಿಡಲಿಲ್ಲ.

ಈಗ ಅವರನ್ನೂ ಸಾಗಹಾಕಿ ನನ್ನನ್ನು ಕರೆಯುತ್ತಿದ್ದೀರಿ. ಮೊದಲು ಫೋಟೋದಿಂದ ತೆಗೆದಿರಿ, ಆಮೇಲೆ ಮನೆಯಿಂದ. ನಾಳೆ ನನಗೆ ಮಕ್ಕಳಾಗಲಿಲ್ಲವೆಂದು ಯಾರೋ ಗಿರಾಕಿ ಮೂಗು ಮುರಿದರೆ ನನ್ನನ್ನೂ ಮೊಣಕೈಯವರೆಗೆ ಕತ್ತರಿಸುವಿರಿ. ಕೊನೆಗೆ ಕಪಾಟಿನಲ್ಲಿ ನೀವು, ನಿಮ್ಮ ಪೈಸೆ ಚಂದ್ರ, ಇಬ್ಬರೇ ಉಳಿಯುವಿರಿ. ನನಗೆ ನಿಮ್ಮ ಮೇಲೆ ಸಿಟ್ಟು ಇತ್ತು. ಈ ಫೋಟೋ ಬಂದ ಮೇಲೆ ಅದೂ ಹೋಯಿತು. ಸಿಟ್ಟಿಗೂ ಎದುರಿಗೆ ಒಬ್ಬ ಮನುಷ್ಯ ಬೇಕಾಗುತ್ತದೆ.

ನಾನು ಇಬ್ಬರ ಮನೆಗೆ ಬರುವುದಿಲ್ಲ. ಮೂವರ ಮನೆಯಾದರೆ ವಿಚಾರ ಮಾಡುತ್ತೇನೆ. ಇಡೀ ಫೋಟೋವನ್ನು, ಗ್ಯಾಸಬತ್ತಿ ಹಿಡಿದ ಕೈ, ವಿಭೂತಿ ಹಚ್ಚಿದ ಹಣೆ ಎಲ್ಲ ಕಾಣುವ ಹಾಗೆ, ಮತ್ತೆ ಅದೇ ಗಾಜಿನ ಕಪಾಟಿನಲ್ಲಿ ಇಡಿ. ಹಳಿಯಾಳದವರು ಬಂದು ಮುಖ ಸಿಂಡರಿಸಿದರೆ, ಇವರು ನನ್ನ ತಾಯಿ ಎಂದು ಬಾಯಿಬಿಟ್ಟು ಹೇಳಿ. ಹೇಳಿದಿರೋ ಇಲ್ಲವೋ ಮುದಕಪ್ಪ ತಿಳಿಸುತ್ತಾನೆ, ಅವನಿಗೆ ನನ್ನ ವಿಳಾಸ ಕೊಟ್ಟಿದ್ದೇನೆ. ಅಲ್ಲಿಯವರೆಗೆ ಮಾಘದ ಮದುಮಕ್ಕಳ ಮೊಡವೆಗಳನ್ನು ನೀವೇ ಪೆನ್ಸಿಲ್ಲು ಹಿಡಿದು ತಿದ್ದಿಕೊಳ್ಳಿ. ನೆಗೆಟಿವ್ ಮೇಲೆ ಪೆನ್ಸಿಲ್ಲನ್ನು ಒತ್ತಬೇಡಿ, ಕಳೆದ ಸಲ ಒಬ್ಬ ಮದುಮಗನಿಗೆ ಬಿಳೀ ಮೀಸೆ ಬರಿಸಿದ್ದಿರಿ.

ಮೀಸೆ ಎಂದಾಗ ನೆನಪಾಯಿತು. ಈ ದೀಪಾವಳಿ ಫೋಟೋದಲ್ಲಿ ನಿಮ್ಮ ಮುಖ ಇಷ್ಟು ಸ್ಪಷ್ಟವಾಗಿ ಇದೆಯಲ್ಲ, ಅದು ನನ್ನ ಕೆಲಸ ಎಂಬುದು ಮರೆತಿರಬಹುದು. ಮುಚ್ಚಳ ತೆಗೆದಿದ್ದಾಗಲೇ ನೀವು ಎಡಕ್ಕೆ ತಿರುಗಿ, ‘ಬತ್ತಿ ಇನ್ನಷ್ಟು ಮ್ಯಾಲ ಹಿಡಿ’ ಎಂದು ಅತ್ತೆಯವರಿಗೆ ಗದರಿದಿರಿ. ನೆಗೆಟಿವಿನಲ್ಲಿ ನಿಮಗೆ ಎರಡು ಮೂಗು, ಮೂರು ಕಣ್ಣು ಬಂದಿದ್ದವು. ಒಂದು ಇಡೀ ಮಧ್ಯಾಹ್ನ ಕುಳಿತು ಅದನ್ನು ಒಂದು ಮೂಗಿಗೆ ಇಳಿಸಿದ್ದೇನೆ. ಅದಕ್ಕೆ ನೀವು ಆಗ ಏನೂ ಅನ್ನಲಿಲ್ಲ, ಈಗಲೂ ಬೇಕಾಗಿಲ್ಲ.

ಇಂತಿ,
ಗುರುಬಸವ್ವ
ಅಂದಾನೆಪ್ಪನವರ ಮಗಳು

ತಾ.ಕ.: ಅತ್ತೆಯವರು ಜೊಯಿಡಾದಲ್ಲಿ ಇಲ್ಲ. ಕಳೆದ ಗುರುವಾರದಿಂದ ನನ್ನ ಹತ್ತಿರ ಇದ್ದಾರೆ. ಗೂಳಪ್ಪಣ್ಣ ಹೊರಗೆ ಹೋದರೆ ಅವರನ್ನು ಹೂಂ ಅಂದು ಮಾತಾಡಿಸುವವರು ಇರಲಿಲ್ಲ, ಓಣಿಯವರೆಲ್ಲ ಕೊಂಕಣಿಯವರು. ಯಾರಿಗೂ ಹೇಳದೆ ಬಸ್ಸು ಬದಲಿಸುತ್ತ ಬದಲಿಸುತ್ತ ಇಂದೂರಕ್ಕೆ ಬಂದರು. ದಾಂಡೇಲಿಯಲ್ಲಿ ಬಸ್ಸು ನಿಂತಾಗ ನಿಮ್ಮನ್ನು ನೋಡೋಣ ಎಂದು ಇಳಿದು ಅಂಗಡಿಯವರೆಗೂ ಬಂದಿದ್ದರಂತೆ. ಒಳಗೆ ಗಿರಾಕಿಗಳು ಇದ್ದರಂತೆ. ಅದಕ್ಕೆ ಹೊರಗೇ ನಿಂತು, ಕಪಾಟಿನ ಫೋಟೋ ನೋಡಿ, ತಿರುಗಿ ಹೋದರು. ನಿಮಗೆ ಗೊತ್ತಾಗಿಲ್ಲ.

ಶುಕ್ರವಾರ ನಿಮ್ಮ ಪ್ರಿಂಟು ಬಂತಲ್ಲ, ಅಪ್ಪ ನಕ್ಕು ಕೆಳಗಿಟ್ಟ ಮೇಲೆ ಅತ್ತೆಯವರು ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. ಚಂದ್ರನ ಮೇಲೆ ಬೆರಳಾಡಿಸಿದರು. ಆಮೇಲೆ ನನ್ನನ್ನು ಕೇಳಿದರು, “ಭಾಳ ನಡಗಿತ್ತೇನವಾ ನನ್ನ ಕೈ? ಅದಕ್ಕ ತಗದಾನೇನು ನನ್ನ?”

ಇಡೀ ಪ್ರಿಂಟು ನನ್ನ ಟ್ರಂಕಿನಲ್ಲಿದೆ, ಅವತ್ತು ಕಪಾಟಿನಿಂದ ಇಳಿಸಿದ್ದು. ತಂದು ತೋರಿಸಿದೆ. ಗ್ಯಾಸಬತ್ತಿಯೂ ಅದನ್ನು ಹಿಡಿದ ಕೈಯೂ ಕಲ್ಲಿನಲ್ಲಿ ಕೆತ್ತಿದ ಹಾಗೆ ನಿಂತಿವೆ. ‘ನಿಮ್ಮ ಕೈ ನಡುಗಿಲ್ಲ ಅತ್ತೆ’ ಎಂದೆ. ಹಾಗಾದರೆ ಅಲುಗಾಡಿದ್ದು ಯಾರು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.